ನೇತುಹಾಕದ ಬಾಟಲಿ

ಅಕಿಸಿಮ್, ತೆಸೊ ಸೀಮೆ
೮ ಸೆಪ್ಟೆಂಬರ್ ೨೦೧೩, ಭಾನುವಾರ

ಪ್ರೀತಿಯ ತಮ್ಮ ಒಮೊಡಿಂಗ್‌ಗೆ,

ಯೋಗಾ ನೋಯಿ, ತಮ್ಮಾ. ಮೊದಲು ನಿನ್ನ ಆರೋಗ್ಯದ ಮಾತು. ಬೆನ್ನುನೋವು ಹೇಗಿದೆ? ದಿನವಿಡೀ ಲಾರಿ ಓಡಿಸುವವನು ನೀನು, ಮೇಲೆ ಆ ಗುಂಡು ತಡೆಯುವ ಭಾರದ ಅಂಗಿ ಬೇರೆ. ಮೊಗದಿಶುವಿನ ಬಿಸಿಲಿಗೆ ಅದರೊಳಗೆ ಮನುಷ್ಯ ಬೇಯುತ್ತಾನೆ ಎಂದು ನಿನ್ನ ಪಾಳೆಯದ ಒಜಿಲಾಂಗ್ ಹೇಳಿದ. ರಜೆಗೆ ಬಂದವನು ನೀನು ಕಳಿಸಿದ ಖರ್ಜೂರ ತಂದುಕೊಟ್ಟು, ಅದರಲ್ಲಿ ಅರ್ಧ ಇಲ್ಲೇ ಕೂತು ತಾನೇ ತಿಂದು ಹೋದ. ನೀನು ಬಡವಾಗಿದ್ದೀಯಾ ಎಂದು ಕೇಳಿದರೆ, "ಅವನಾ? ಅವನ ಹೊಟ್ಟೆಗೆ ಬೇರೆ ಪಾಳೆಯ ಹಾಕ್ಬೇಕು, ಅಕ್ಕಾ" ಎಂದ. ಅವನ ಮಾತನ್ನು ಎಷ್ಟು ನಂಬಬೇಕು ಎಂದು ನನಗೂ ಗೊತ್ತು, ನಿನಗೂ ಗೊತ್ತು. ನೀರು ಕುದಿಸಿ ಕುಡಿ. ರಾತ್ರಿ ಸೊಳ್ಳೆಪರದೆ ಕಟ್ಟಿಕೋ. ಸೈನಿಕನಿಗೆ ಸೊಳ್ಳೆ ಹೆದರುವುದಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ನೀನು ಹೆದರಬಾರದು. ನಿನ್ನ ಮಗಳು ಅಪೊಲೊಟ್ ಈಗ ಹೊರಗೆ ಮಾವಿನ ಮರದ ಕೆಳಗೆ ಅಜ್ಜಿ ಒಣಗಹಾಕಿದ ಕಡಲೆಕಾಯಿಯನ್ನು ಕೋಳಿಗಳಿಗೆ ಎಸೆದು ಬೈಸಿಕೊಳ್ಳುತ್ತಿದ್ದಾಳೆ. ನಿನ್ನ ಹೆಂಡತಿ ಅಕುರುತ್ ಚರ್ಚಿನಿಂದ ಬಂದು ಬಟ್ಟೆ ಒಗೆಯುತ್ತಿದ್ದಾಳೆ. ಈ ಸಲ ರಾಗಿ ಕಾಳುಗಟ್ಟಿದ್ದು ಚೆನ್ನಾಗಿತ್ತು. ಅಮ್ಮ ಅದಕ್ಕೆ ಹುಣಸೆಹಣ್ಣು ಹಾಕಿ ಅತಾಪ್ ಮುದ್ದೆ ತಿರುವಿದಾಗೆಲ್ಲ ಮೊದಲ ತುತ್ತನ್ನು ಕೈಯಲ್ಲಿ ಹಿಡಿದು ನಿನ್ನ ಹೆಸರು ಹೇಳಿ ಆಮೇಲೆ ಬಾಯಿಗಿಡುತ್ತಾಳೆ. ನೀನು ಇಲ್ಲಿದ್ದಾಗ ಹೀಗೆ ಮಾಡಿದ್ದನ್ನು ನಾನು ಕಂಡಿಲ್ಲ. ಅವಳ ಮಂಡಿನೋವು ಮಳೆ ಬಂದಾಗ ಏಳುತ್ತದೆ, ಬಿಸಿಲು ಬಂದಾಗ ಮಲಗುತ್ತದೆ, ಬೀರು ಕಾಯಿಸುವ ದಿನ ಪೂರ್ತಿ ಮರೆತೇಹೋಗುತ್ತದೆ.

ಫೋನಿರುವ ಕಾಲದಲ್ಲಿ ಅಕ್ಕ ಪತ್ರ ಬರೆಯುತ್ತಾಳಲ್ಲ ಎಂದು ನಗಬೇಡ. ನನ್ನ ಕರೆಯನ್ನು ನೀನು ಎತ್ತುತ್ತಿಲ್ಲ. ಅಮ್ಮನ ಫೋನಿನಿಂದ ಮಾಡಿದರೆ ಎತ್ತುತ್ತೀಯ, ನನ್ನ ದನಿ ಕೇಳಿದ ಕೂಡಲೇ ಸಿಗ್ನಲ್ ಹೋಗುತ್ತದೆ. ಸೊಮಾಲಿಯಾದ ಸಿಗ್ನಲ್ಲಿಗೆ ಅಷ್ಟು ಬುದ್ಧಿ ಇರುವುದು ನನಗೆ ಗೊತ್ತಿರಲಿಲ್ಲ. ಹಾಗಾಗಿ ಒಜಿಲಾಂಗ್‌ನ ಚೀಲದಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಕಾಗದಕ್ಕೆ ನೀನು ಮಧ್ಯೆ ಬಾಯಿ ಹಾಕಲಾರೆ. ಮಗು ಕಾಯಿಲೆ ಬಿದ್ದ ದಿನ ಏನಾಯಿತೆಂದು ಅಮ್ಮ ನಿನಗೆ ಹೇಳಿದ್ದಾಳೆ. ಅಮ್ಮ ಹೇಳಿದ್ದರಲ್ಲಿ ಸುಳ್ಳು ಕಡಿಮೆ. ಆದರೆ ಅವಳು ಹೇಳಿದ್ದು ಮಧ್ಯಾಹ್ನ, ಮಗುವಿನ ಉಸಿರು ಇನ್ನೂ ಮೇಲೆ ಕೆಳಗೆ ಆಗುತ್ತಿದ್ದಾಗ. ಸಂಜೆಯದನ್ನು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ಮಗು ಬದುಕಿತು ಎಂಬ ಒಂದು ಮಾತು ಬಿಟ್ಟು.

ಶಾಲೆಗಳಿಗೆ ರಜೆ ಬಿಟ್ಟ ಮೇಲಿನ ವಾರ ಅದು. ಅಪೊಲೊಟ್‌ಗೆ ಹಿಂದಿನ ದಿನದಿಂದ ಜ್ವರ. ಅಕುರುತ್ ಬೆಳಿಗ್ಗೆ ಮಾತ್ರೆ ಕೊಟ್ಟು, ಜ್ವರ ಇಳಿದಂತೆ ಕಂಡದ್ದರಿಂದ ಟೊಮೆಟೊ ಬುಟ್ಟಿ ಹೊತ್ತು ಸಂತೆಗೆ ಹೋಗಿದ್ದಳು. ಅಮ್ಮ ಹಿತ್ತಿಲಿನ ಕೆಲಸ ಮುಗಿಸಿ ಒಳಗೆ ಬಂದು ನೋಡಿದರೆ ಮಗು ಚಾಪೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿದೆ. ಮಂಡಿನೋವಿನ ಆ ಮುದುಕಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ದಾರಿಯಲ್ಲಿ ಸಿಕ್ಕ ಬೋಡ ಬೋಡ ಬಾಡಿಗೆ ಬೈಕಿನವನನ್ನು ಬೈದು ನಿಲ್ಲಿಸಿ ಹತ್ತಿ, ನಾನು ನರ್ಸಾಗಿರುವ ಆಸ್ಪತ್ರೆಗೆ ಬಂದಳು. ಈ ಕೆಲಸಕ್ಕೆ ಅವಳಿಗೆ ನಾವು ಜನ್ಮವಿಡೀ ಋಣಿ. ಒಂದಷ್ಟು ಹೊತ್ತು ಯೋಚನೆ ಮಾಡುತ್ತಾ ಕೂತಿದ್ದರೆ ಈ ಕಾಗದವೇ ಬೇರೆ ಆಗುತ್ತಿತ್ತು. ಮಕ್ಕಳ ತುರ್ತು ಕೋಣೆಯ ಬಾಗಿಲಲ್ಲೇ ಅವಳು ಕೂಗಿದಳು, "ಏನೇ ಅಮೊಂಗಿನ್, ನಿನ್ನ ತಮ್ಮನ ಮಗು ಹೋಗ್ತಾ ಇದೆ, ಬಾರೇ!" ನಾನು ಮಗುವನ್ನು ಎತ್ತಿಕೊಂಡೆ. ಮೈ ಕಾದ ಹೆಂಚು, ಕೈ ಮೊಣಕೈವರೆಗೆ, ಕಾಲು ಮಂಡಿವರೆಗೆ ತಣ್ಣಗೆ. ಅಂಗೈ ಬಿಳಿ ಕಾಗದದ ಹಾಗೆ. ಎದೆ ಏದುಸಿರಿಗೆ ಒಳಗೆ ಒಳಗೆ ಹೋಗುತ್ತಿತ್ತು. ಹೆಸರು ಹಿಡಿದು ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. ಪರೀಕ್ಷೆಯಲ್ಲಿ ಮಲೇರಿಯಾ ಎಂದು ಬಂತು. ರಕ್ತದ ಮಟ್ಟ ಎಷ್ಟು ಇಳಿದಿತ್ತೆಂದರೆ ಪರೀಕ್ಷೆ ಮಾಡುವ ಹುಡುಗಿ ನನ್ನ ಮುಖ ನೋಡದೆ ಚೀಟಿ ಕೊಟ್ಟು ಹೋದಳು.

ಸೂಜಿ ಹಾಕಿ ಮಲೇರಿಯಾದ ಔಷಧಿ ಕೊಟ್ಟೆ. ಸಕ್ಕರೆ ಅಂಶ ನೋಡಿದೆ, ಸರಿಯಿತ್ತು. ಮೂಗಿಗೆ ಆಮ್ಲಜನಕದ ನಳಿಕೆ ಇಟ್ಟೆ. ಉಳಿದದ್ದು ರಕ್ತ. ನಮ್ಮ ಫ್ರಿಜ್ಜಿನಲ್ಲಿ ಅವಳ ಗುಂಪಿನ ರಕ್ತ ಇರಲಿಲ್ಲ. ನಿನಗೆ ಗೊತ್ತಲ್ಲ, ಈ ದೇಶದ ರಕ್ತವೆಲ್ಲ ಹೈಸ್ಕೂಲು ಮಕ್ಕಳದ್ದು. ಶಾಲೆಗೆ ರಜೆ ಬಂತೆಂದರೆ ರಕ್ತನಿಧಿಗೂ ರಜೆ. ಸೊರೊಟಿಯ ರಕ್ತನಿಧಿಗೆ ಫೋನ್ ಮಾಡಿದೆವು. ಒಂದು ಚೀಲ ಇದೆ, ಕಳಿಸಿಕೊಡುತ್ತೇವೆ ಎಂದರು. ಮಳೆ ಬಂದು ರಸ್ತೆ ಹೇಗಿತ್ತೆಂದು ನಾನು ಬರೆಯಬೇಕಾಗಿಲ್ಲ, ಆ ರಸ್ತೆಯಲ್ಲೇ ನೀನು ಲಾರಿ ಓಡಿಸಲು ಕಲಿತವನು.

ಪಕ್ಕದ ಹಾಸಿಗೆಯಲ್ಲಿ ಕೆರೆಯ ಕಡೆಯ ಮೀನುಗಾರರ ಒಬ್ಬ ಹೆಂಗಸಿನ ಮಗು ಇತ್ತು. ವಾಂತಿ, ಭೇದಿ. ಕಣ್ಣು ಗುಳಿಬಿದ್ದು, ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಆ ಮಗುವಿಗೆ ನಾನೇ ಬೆಳಿಗ್ಗೆ ಬಾಟಲಿ ನೇತುಹಾಕಿ ನರಕ್ಕೆ ಜೋರಾಗಿ ನೀರು ಏರಿಸಿದ್ದೆ. ಅಮ್ಮ ಒಳಗೆ ಬರುವ ಹೊತ್ತಿಗೆ ಅದು ಎದ್ದು ಕೂತು ಬಿಸ್ಕತ್ತಿಗೆ ಅಳುತ್ತಿತ್ತು. ಅಮ್ಮ ಆ ಬಾಟಲಿಯನ್ನು ನೋಡಿದಳು, ಆ ಮಗುವನ್ನು ನೋಡಿದಳು, ನಮ್ಮ ಮಗುವಿನ ತಲೆಯ ಮೇಲಿದ್ದ ಖಾಲಿ ಕೊಕ್ಕೆಯನ್ನು ನೋಡಿದಳು. "ನಮ್ಮದಕ್ಕೆ ನೀರು ಎಲ್ಲೇ?" ಎಂದಳು. ನಾನು ಹೇಳಿದೆ, "ಅಮ್ಮಾ, ಆ ಮಗುವಿನ ಮೈಯಿಂದ ನೀರು ಹೋಗಿತ್ತು, ನೀರು ಕೊಟ್ಟೆ. ಇವಳ ಮೈಯಿಂದ ಹೋಗಿರೋದು ರಕ್ತ. ರಕ್ತ ಕೊಡ್ತೀನಿ." "ರಕ್ತ ಎಲ್ಲಿ?" "ಬರ್ತಾ ಇದೆ." "ಬರೋವರೆಗೆ?" "ಕಾಯ್ಬೇಕು." ಅಮ್ಮ ಸೊಂಟದ ಮೇಲೆ ಕೈಯಿಟ್ಟು ಹೇಳಿದ ಮಾತು ವಾರ್ಡಿನವರಿಗೆಲ್ಲ ಕೇಳಿಸಿತು: "ಕಾಯೋದನ್ನ ನಾನು ಮನೇಲೇ ಮಾಡ್ತಿದ್ನಲ್ಲ, ಅದಕ್ಕೆ ನಿನ್ನ ಆಸ್ಪತ್ರೆ ಯಾಕೆ?"

ಈಗ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು, ಸಹಿಸಿಕೋ. ನಾನು ಕೆಲವು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಆ ಸಂಶೋಧನೆಯ ಕೆಲಸಕ್ಕಿದ್ದೆ, ನೆನಪಿದೆಯಾ? ಮಕ್ಕಳು ಜ್ವರದಿಂದ ಕೈಕಾಲು ತಣ್ಣಗಾಗಿ ಬಂದಾಗ ಕೆಲವರಿಗೆ ಕೂಡಲೇ ಜೋರಾಗಿ ನೀರು ಏರಿಸುವುದು, ಕೆಲವರಿಗೆ ಹಾಗೆ ಏರಿಸದೆ ಉಳಿದ ಚಿಕಿತ್ಸೆ ಮಾತ್ರ ಕೊಡುವುದು, ಯಾವುದು ಒಳ್ಳೆಯದೆಂದು ನೋಡುವುದು. ಯಾವ ಮಗುವಿಗೆ ಯಾವುದು ಎಂಬುದು ಮುಚ್ಚಿದ ಲಕೋಟೆಯಲ್ಲಿರುತ್ತಿತ್ತು. ನೀನು ಆಗ ನನ್ನನ್ನು ಎಷ್ಟು ಆಡಿಕೊಂಡೆ! "ಓದಿ ಓದಿ ಕೊನೆಗೆ ಮಕ್ಕಳಿಗೆ ಲಾಟರಿ ಎತ್ತೋ ಕೆಲಸ ಸಿಕ್ತಾ, ಅಕ್ಕಾ?" ಎಂದೆ. ಪ್ರತಿ ಲಕೋಟೆ ಒಡೆಯುವಾಗಲೂ ಒಳಗೆ ನೀರು ಎಂದು ಬರೆದಿರಲಿ ದೇವರೇ ಎಂದುಕೊಳ್ಳುತ್ತಿದ್ದೆ. ನಾನೊಬ್ಬಳೇ ಅಲ್ಲ, ನಾವೆಲ್ಲರೂ. ದೊಡ್ಡ ದೇಶಗಳ ಪುಸ್ತಕದಲ್ಲೆಲ್ಲ ನೀರು ಮೊದಲು ಎಂದೇ ಇತ್ತು. ನೀರು ಬಾರದ ಮಗುವಿನ ತಾಯಿಯ ಮುಖ ನೋಡುವುದು ಕಷ್ಟವಾಗುತ್ತಿತ್ತು. ಒಂದು ದಿನ ಫೋನ್ ಬಂತು, ಹೊಸ ಮಕ್ಕಳನ್ನು ಸೇರಿಸಬೇಡಿ, ಪರೀಕ್ಷೆ ನಿಲ್ಲಿಸಿದ್ದೇವೆ ಎಂದು. ನೀರು ಗೆದ್ದಿತು, ಇನ್ನು ಎಲ್ಲ ಮಕ್ಕಳಿಗೂ ಕೊಡಬಹುದು ಎಂದು ನಾವು ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಆಮೇಲೆ ಕೋಣೆಯಲ್ಲಿ ಕೂರಿಸಿ ಲೆಕ್ಕ ಹೇಳಿದರು. ಮೂರು ದೇಶಗಳ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ, ಜೋರಾಗಿ ನೀರು ಏರಿಸಿದ ಗುಂಪಿನಲ್ಲೇ ನೂರಕ್ಕೆ ಮೂರು ಮಕ್ಕಳು ಹೆಚ್ಚು ಸತ್ತಿದ್ದರು. ಹೊರಗೆ ಯಾರೋ ಬಕೆಟ್ಟು ಎಳೆಯುತ್ತಿದ್ದ ಸದ್ದು ಮಾತ್ರ.

ಅದರಲ್ಲಿ ಅತಿ ಕಷ್ಟದ ವಿಷಯ ಇನ್ನೊಂದಿದೆ. ನೀರು ಏರಿಸಿದ ಮಕ್ಕಳು ಮೊದಮೊದಲು ಚೆನ್ನಾಗಿಯೇ ಕಾಣುತ್ತಿದ್ದರು. ಕೈ ಬೆಚ್ಚಗಾಗುತ್ತಿತ್ತು, ನಾಡಿ ತುಂಬುತ್ತಿತ್ತು, ತಾಯಂದಿರು ನಗುತ್ತಿದ್ದರು. ಹೃದಯ ಸೋತು ಕೈಬಿಡುತ್ತಿದ್ದುದು ಆಮೇಲೆ. ಅದಕ್ಕೇ ಇಷ್ಟು ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಮ್ಮ ಈಗಿನ ಆಸ್ಪತ್ರೆಯ ಮುದುಕ ಡಾಕ್ಟರ್ ಎಸಾಬು ಮೊದಲು ಇದನ್ನು ಒಪ್ಪಲಿಲ್ಲ. "ಸಿಸ್ಟರ್, ನಿಮ್ಮಮ್ಮ ನಿಮ್ಮನ್ನ ಹೆರೋ ಮುಂಚಿಂದ ನಾನು ನೀರು ಏರಿಸ್ತಾ ಇದ್ದೀನಿ" ಎನ್ನುತ್ತಿದ್ದರು. ಆ ವರದಿಯನ್ನು ತರಿಸಿ ಓದಿದರು, ಜಗಳಾಡಿದರು, ಮನೆಗೆ ತೆಗೆದುಕೊಂಡು ಹೋಗಿ ಮತ್ತೆ ಓದಿದರು. ಒಂದು ಬೆಳಿಗ್ಗೆ ಬಂದವರು ಗೋಡೆಯ ಮೇಲೆ ಅಂಟಿಸಿದ್ದ ಹಳೆಯ ಕ್ರಮದ ಹಾಳೆಯನ್ನು ತಾವೇ ಕಿತ್ತು, ಮಡಿಸಿ, ಜೇಬಿನಲ್ಲಿಟ್ಟುಕೊಂಡರು.

ಇಷ್ಟೆಲ್ಲ ನನಗೆ ಗೊತ್ತಿತ್ತು, ಒಮೊಡಿಂಗ್. ಆದರೆ ಅಮ್ಮ ಮಂಚದ ಕಾಲು ಹಿಡಿದು ನೆಲದಲ್ಲಿ ಕೂತು, "ಹೆರದವಳಿಗೆ ಏನು ಗೊತ್ತಾಗತ್ತೆ? ಊರವರ ಮಗುವಿಗೆ ನೀರಿದೆ, ನನ್ನ ಮಗನ ಮಗುವಿಗೆ ಒಂದು ತೊಟ್ಟಿಲ್ಲ" ಎಂದು ಹಾಡಿ ಹಾಡಿ ಅತ್ತಾಗ, ನನ್ನ ಕೈ ತಾನಾಗಿಯೇ ಕಪಾಟಿಗೆ ಹೋಯಿತು. ಬಾಟಲಿ ಹೊರಗೆ ತೆಗೆದೆ. ಮುಚ್ಚಳವನ್ನೂ ಒರೆಸಿದೆ. ಆ ಮಾತಿನಿಂದ ನೋವಾಯಿತೆಂದಲ್ಲ. ಆ ಮಾತನ್ನು ನಾನು ಗಂಡನ ಮನೆ ಬಿಟ್ಟು ಬಂದಾಗಿನಿಂದ ಬೇರೆ ಬೇರೆ ಬಾಯಿಂದ ಕೇಳಿದ್ದೇನೆ, ಅದು ಹಳೆಯ ಚಪ್ಪಲಿಯ ಹಾಗೆ ಕಾಲಿಗೆ ಒಗ್ಗಿಹೋಗಿದೆ. ಸುಮ್ಮನೆ ನಿಂತಿರುವುದಕ್ಕಿಂತ ಏನಾದರೂ ಮಾಡುವುದು ಸುಲಭ, ಅಷ್ಟೇ. ಅದೇ ಹೊತ್ತಿಗೆ ಡಾಕ್ಟರ್ ಎಸಾಬು ಹೆರಿಗೆ ಶಸ್ತ್ರಕ್ರಿಯೆ ಮುಗಿಸಿ ಒಳಗೆ ಬಂದರು. ಮಗುವನ್ನು ನೋಡಿದರು, ಎದೆಗೆ ಕಿವಿಗೊಟ್ಟರು, ಚೀಟಿ ನೋಡಿದರು. ನನ್ನ ಕೈಯ ಬಾಟಲಿಯನ್ನೂ ನೋಡಿದರು. ಸದ್ದಿಲ್ಲದೆ, ನನಗೆ ಮಾತ್ರ ಕೇಳುವಷ್ಟು ಹೇಳಿದರು, "ಸಿಸ್ಟರ್, ತಮ್ಮನ ಮಗು ಅಂತ ನೀರು ಬೇರೆ ಥರ ಕೆಲಸ ಮಾಡಲ್ಲ." ನಾನು ಬಾಟಲಿ ಒಳಗಿಟ್ಟೆ. ಅವರು ಹೊರಗೆ ಹೋಗಿ ಸೊರೊಟಿಗೆ ಮತ್ತೆ ಫೋನ್ ಮಾಡಿ ಯಾರನ್ನೋ ಗಟ್ಟಿಯಾಗಿ ಬೈಯುವುದು ಕೇಳಿಸಿತು. ಬೈಗುಳ ಎಲ್ಲ ರಸ್ತೆಯ ಕೆಸರಿಗೆ ಸೇರಬೇಕಾದದ್ದು.

ಅಮ್ಮ ಬಾಟಲಿ ಹೊರಬಂದದ್ದನ್ನೂ ನೋಡಿದ್ದಳು, ಒಳಹೋದದ್ದನ್ನೂ ನೋಡಿದಳು. ಅವಳಿಗೆ ಅದೇ ಸಾಕಾಯಿತು. ನಾನು ಇನ್ನೊಂದು ಮಗುವಿನ ಕಡೆ ತಿರುಗಿದ್ದೆ, ಅಷ್ಟರಲ್ಲಿ ಆಮ್ಲಜನಕದ ನಳಿಕೆ ಬಿಚ್ಚಿ ಅಪೊಲೊಟ್‌ಳನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಗೇಟಿನ ಎದುರು, ರಸ್ತೆಯ ಆಚೆ, ಹಸಿರು ಬಣ್ಣ ಬಳಿದ ಔಷಧಿ ಅಂಗಡಿ ಇದೆಯಲ್ಲ, ಅಲ್ಲಿ ಹಿಂದಿನ ಕೋಣೆಯಲ್ಲಿ ಬೆಂಚು ಹಾಕಿ ಕೇಳಿದವರಿಗೆಲ್ಲ ಬಾಟಲಿ ಏರಿಸುತ್ತಾರೆ. ತಲೆನೋವಿಗೂ ಏರಿಸುತ್ತಾರೆ, ಪರೀಕ್ಷೆಯ ಹೆದರಿಕೆಗೂ ಏರಿಸುತ್ತಾರೆ. ನಾನು ಓಡಿಹೋಗಿ ಜಗಲಿಯ ಮೆಟ್ಟಿಲಲ್ಲಿ ಅಡ್ಡ ನಿಂತೆ. "ಸರಿಯೇ ದಾರಿಯಿಂದ" ಎಂದಳು. "ಅಮ್ಮಾ, ಉಸಿರಿನ ನಳಿಕೆ ಇಲ್ಲದೆ ಅವಳು ರಸ್ತೆ ದಾಟಲ್ಲ" ಎಂದೆ. "ನಿನ್ನ ಕೈಯಲ್ಲಿದ್ರೆ ಸಂಜೆ ದಾಟಲ್ಲ" ಎಂದಳು. ಮಗುವಿನ ಒಂದು ಚಪ್ಪಲಿ ಮೆಟ್ಟಿಲಲ್ಲಿ ಬಿದ್ದಿತ್ತು. ಸುತ್ತ ಜನ. ನಾನು ನರ್ಸು, ಅವಳು ನನ್ನ ತಾಯಿ. ತಾಯಿಯ ಕೈಯಿಂದ ಮಗು ಕಿತ್ತುಕೊಳ್ಳುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ.

ಆಗ ಅಕುರುತ್ ಬಂದಳು. ಸುದ್ದಿ ಕೇಳಿ ಸಂತೆಯಿಂದ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿ ಬಂದಿದ್ದಳು, ಕಾಲೆಲ್ಲ ಕೆಸರು. ಅಮ್ಮ ಹೇಳಿದಳು, "ಬಾ, ನೀನು ತಾಯಿ, ಹೇಳು ಇವಳಿಗೆ. ನೀರು ಕೊಡಲ್ವಂತೆ." ಅಕುರುತ್ ನನ್ನ ಕಡೆ ತಿರುಗಿ ಕೇಳಿದಳು, "ಅತ್ತಿಗೆ, ಇಲ್ಲೇ ಇದ್ರೆ ಬದುಕ್ತಾಳಾ?" ನಾನು ಹೌದು ಎಂದುಬಿಡಬಹುದಿತ್ತು. ಎಷ್ಟೋ ತಾಯಂದಿರಿಗೆ ಹಾಗೆ ಹೇಳಬೇಕೆಂದು ನಾಲಿಗೆ ತುದಿಗೆ ಬರುತ್ತದೆ. ನಾನು ಹೇಳಿದೆ, "ಗೊತ್ತಿಲ್ಲ ಕಣೆ. ರಕ್ತ ಬೇಗ ಬಂದ್ರೆ ಬದುಕೋ ಹಾಗೆ ಕಾಣತ್ತೆ. ಜೋರಾಗಿ ನೀರು ಕೊಟ್ರೆ ಕೈ ಬೆಚ್ಚಗಾಗತ್ತೆ, ನಿನಗೆ ಸಮಾಧಾನ ಆಗತ್ತೆ, ಆದ್ರೆ ಅವಳ ಹೃದಯಕ್ಕೆ ಭಾರ ಆಗತ್ತೆ. ಇಷ್ಟು ನನಗೆ ಗೊತ್ತು. ಇದಕ್ಕಿಂತ ಹೆಚ್ಚು ಗೊತ್ತಿಲ್ಲ." ಅವಳು ಮಗುವಿನ ಮುಖ ನೋಡಿದಳು. ಆಮೇಲೆ ಕೈ ಚಾಚಿದಳು. "ಕೊಡಿ ಅತ್ತೆ" ಎಂದಳು. ಅಮ್ಮ ಕೊಡಲಿಲ್ಲ. "ಅತ್ತೆ, ಕೊಡಿ" ಎಂದು ಇನ್ನೊಂದು ಸಲ ಹೇಳಿ, ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಗುವನ್ನು ತೆಗೆದುಕೊಂಡಳು. ತಳ್ಳಲಿಲ್ಲ. ಅವಳು ತಳ್ಳಿದಳು ಎಂದು ಅಮ್ಮ ನಿನಗೆ ಹೇಳಿದ್ದಾಳೆ. ಅಮ್ಮ ಹಿಂದಕ್ಕೆ ಸರಿದದ್ದು ನಿಜ, ಕಂಬಕ್ಕೆ ಬೆನ್ನು ತಾಗಿದ್ದೂ ನಿಜ. ಆದರೆ ನಾನು ಅಲ್ಲೇ ಇದ್ದೆ, ಒಮೊಡಿಂಗ್. ಹಣ್ಣು ಕೀಳುವಾಗ ಕೊಂಬೆ ಮುರಿಯದಂತೆ ಕೀಳುತ್ತಾರಲ್ಲ, ಹಾಗೆ ಬಿಡಿಸಿದಳು.

ಅಲ್ಲಿಂದ ಮುಂದಿನ ಹೊತ್ತು ಅವಳು ಮಂಚದ ಮೇಲೆ ಮಗುವನ್ನು ಎದೆಗೆ ಒರಗಿಸಿಕೊಂಡು ನೆಟ್ಟಗೆ ಕೂತಿದ್ದಳು, ಮಲಗಿಸಿದರೆ ಉಸಿರು ಕಟ್ಟುತ್ತದೆಂದು. ಅಳಲಿಲ್ಲ. ಪಕ್ಕದ ಬಾಟಲಿಯಲ್ಲಿ ಹನಿ ಬೀಳುವುದನ್ನು ಮಾತ್ರ ನೋಡುತ್ತಿದ್ದಳು. ಒಂದು ಸಲ ನನ್ನನ್ನು ಕರೆದು, "ಅತ್ತಿಗೆ, ನೀವು ಆ ಕಡೆ ಈ ಕಡೆ ಓಡಾಡ್ಬೇಡಿ, ನನಗೆ ಹೆದರಿಕೆ ಆಗತ್ತೆ" ಎಂದಳು. ನಾನು ಓಡಾಡುವುದನ್ನು ನಿಲ್ಲಿಸಿದೆ. ಅಮ್ಮ ಹೊರಗೆ ಜಗಲಿಯಲ್ಲಿ ನಮಗೆ ಬೆನ್ನು ಹಾಕಿ ಕೂತಿದ್ದಳು. ನಿನಗೆ ಫೋನ್ ಮಾಡಿದ್ದು ಆಗಲೇ. ನಾನು ಒಳಗಿನಿಂದ ಕೇಳುತ್ತಿದ್ದೆ, ತಡೆಯಲಿಲ್ಲ. ಹೆದರಿದ ಮನುಷ್ಯ ಯಾರನ್ನಾದರೂ ಬೈಯಬೇಕು. ಆ ಹೊತ್ತಿಗೆ ಅವಳ ಕೈಗೆ ಸಿಕ್ಕವರು ನಾವಿಬ್ಬರೇ.

ರಕ್ತ ಬಂದದ್ದು ಬಿಸಿಲು ಇಳಿಯುವಾಗ. ತಂದ ಬೋಡ ಬೋಡದವನು ಮುಖದಿಂದ ಬೂಟಿನವರೆಗೆ ಕೆಸರಿನ ಗೊಂಬೆಯಾಗಿದ್ದ, ಪೆಟ್ಟಿಗೆಯನ್ನು ಮಾತ್ರ ತನ್ನ ಅಂಗಿ ಬಿಚ್ಚಿ ಸುತ್ತಿದ್ದ. ಹೊಂದಿಸಿ ನೋಡಿ, ಬೆಚ್ಚಗೆ ಮಾಡಿ, ನಿಧಾನಕ್ಕೆ ಏರಿಸಿದೆವು. ಅದೂ ಓಡಿಸುವ ಕೆಲಸವಲ್ಲ. ಕತ್ತಲಾಗುವ ಹೊತ್ತಿಗೆ ಎದೆಯ ಏರಿಳಿತ ಕಡಿಮೆಯಾಯಿತು. ತುಟಿಗೆ ಬಣ್ಣ ಬಂತು, ಬೆಳಗಿನ ಆಕಾಶಕ್ಕೆ ಬರುವ ಹಾಗೆ, ಯಾವಾಗ ಎಂದು ಹೇಳಲಾಗದೆ. ಆಮೇಲೆ ನಿನ್ನ ಮಗಳು ಕಣ್ಣು ತೆರೆದು ತನ್ನ ಪಾದಗಳನ್ನು ನೋಡಿ, "ಅತ್ತೆ, ನನ್ನ ಇನ್ನೊಂದು ಚಪ್ಪಲಿ ಯಾರು ಕದ್ದಿದ್ದು?" ಎಂದಳು. ವಾರ್ಡಿನಲ್ಲಿ ಎಲ್ಲರೂ ನಕ್ಕರು. ಅಕುರುತ್ ನಗಲು ಹೋಗಿ ಅತ್ತಳು, ಆ ದಿನ ಮೊದಲ ಸಲ. ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಚಪ್ಪಲಿ ತಂದು ಮಂಚದ ಕೆಳಗೆ ಜೋಡಿಸಿಟ್ಟು, ನಮ್ಮಿಬ್ಬರ ಕಡೆ ನೋಡದೆ ಹೊರಗೆ ಹೋದಳು. ಮರುದಿನ ಬೆಳಿಗ್ಗೆ ಅಂಬಲಿ ಮಾಡಿ ತಂದಳು. ಮೂರು ಬಟ್ಟಲು ತಂದಿದ್ದಳು.

ನೀನು ಕೇಳುತ್ತೀಯ, ನೀರು ಕೊಡದೆ ಇದ್ದದ್ದರಿಂದಲೇ ಅವಳು ಬದುಕಿದಳಾ ಎಂದು. ನಾನು ನಿನಗೂ ಅಕುರುತ್‌ಗೆ ಹೇಳಿದಷ್ಟನ್ನೇ ಹೇಳುತ್ತೇನೆ. ಗೊತ್ತಿಲ್ಲ. ಬದುಕಿಸಿದ್ದು ಔಷಧಿ ಮತ್ತು ರಕ್ತ. ನೀರು ಏರಿಸಿದ್ದರೂ ಬದುಕಿರಬಹುದಿತ್ತು, ಹೆಚ್ಚಿನ ಮಕ್ಕಳು ಬದುಕುತ್ತಾರೆ. ಆ ನೂರರಲ್ಲಿ ಮೂರು ಮಕ್ಕಳು ಯಾರು ಎಂದು ಯಾರ ಹಣೆಯ ಮೇಲೂ ಬರೆದಿರುವುದಿಲ್ಲ. ಇದೇ ಈ ವಿದ್ಯೆಯ ಕಷ್ಟ. ಬೇರೆ ಔಷಧಿಯಾದರೆ ಕೊಟ್ಟವಳಿಗೆ ಕೃತಜ್ಞತೆ ಸಿಗುತ್ತದೆ. ಕೊಡದೆ ಇದ್ದವಳಿಗೆ ಯಾರೂ ಕೋಳಿ ತಂದುಕೊಡುವುದಿಲ್ಲ. ಮಗು ಸತ್ತಿದ್ದರೆ ಅಮ್ಮನ ಮಾತೇ ಈ ಊರಿನ ಮಾತಾಗುತ್ತಿತ್ತು, ನಾನೂ ಅಕುರುತ್‌ಳೂ ಮಗುವನ್ನು ಕೊಂದವರಾಗುತ್ತಿದ್ದೆವು. ಅದು ಅಕುರುತ್‌ಗೆ ಗೊತ್ತಿತ್ತು. ಗೊತ್ತಿದ್ದೂ ಕೂತಳು. ನನಗಾದರೋ ಓದು ಇತ್ತು, ಡಾಕ್ಟರ್ ಇದ್ದರು, ಕಂಡ ಲೆಕ್ಕ ಇತ್ತು. ಅವಳಿಗೆ ಇದ್ದದ್ದು ನನ್ನ ಬಾಯಿಮಾತು ಒಂದೇ, ಅದೂ ಗೊತ್ತಿಲ್ಲ ಎಂಬ ಮಾತು.

ಈಗ ನಿನ್ನ ಸಂದೇಶದ ವಿಷಯ. ಅಮ್ಮನ ಫೋನಿಗೆ ನೀನು ಕಳಿಸಿದ್ದನ್ನು ಓದಲು ಬಾರದ ಅಮ್ಮ ನನ್ನ ಹತ್ತಿರವೇ ತಂದಳು. "ಏನು ಬರೆದಿದ್ದಾನೆ, ಓದು" ಎಂದಳು. "ನನ್ನ ತಾಯಿ ಮೇಲೆ ಕೈ ಮಾಡಿದವಳು ನನ್ನ ಮನೆಯಲ್ಲಿ ಇರಬೇಕಾಗಿಲ್ಲ, ನಾನು ಬರುವವರೆಗೆ ಅಕುರುತ್ ತವರಿಗೆ ಹೋಗಲಿ" ಎಂದಿದ್ದುದನ್ನು ನಾನು ಒಂದಕ್ಷರ ಬಿಡದೆ ಓದಿದೆ. ಅಮ್ಮ ಫೋನನ್ನು ಉಟ್ಟ ಬಟ್ಟೆಯ ತುದಿಗೆ ಕಟ್ಟಿಕೊಂಡು ಕಡಲೆಕಾಯಿ ಬಿಡಿಸಲು ಹೋದಳು. ಅಕುರುತ್‌ಗೆ ಇದು ಇನ್ನೂ ಗೊತ್ತಿಲ್ಲ. ಅವಳು ನೀನು ಬರುವಾಗ ಹೊಸ ಪರದೆ ಇರಲೆಂದು ಬಟ್ಟೆ ತಂದು ಹೊಲಿಯುತ್ತಿದ್ದಾಳೆ. ನಾನು ಅವಳಿಗೆ ಹೇಳುವುದಿಲ್ಲ. ಹೇಳಬೇಕಾದವನು ನೀನು, ಹೇಳುವುದಾದರೆ. ನನ್ನ ಮೇಲೆ ಎಷ್ಟು ಕೋಪವಿದ್ದರೂ ಇಟ್ಟುಕೋ, ನಾನು ಅಕ್ಕ, ಎಲ್ಲಿಗೂ ಹೋಗುವುದಿಲ್ಲ. ಆದರೆ ಆ ಹೆಂಗಸು ನಿನ್ನ ಮಗುವನ್ನು ಎದೆಗೆ ಹಿಡಿದು ಕೂತ ಸಂಜೆಯನ್ನು ನೀನು ನೋಡಿಲ್ಲ. ನೋಡಿದವಳು ನಾನು, ಅದಕ್ಕೇ ಬರೆದೆ.

ಬೆಟ್ಟದಷ್ಟು ಬರೆದೆ, ಕೈ ಸೋತಿತು. ಒಜಿಲಾಂಗ್‌ನ ಕೈಯಲ್ಲಿ ಒಣಗಿಸಿದ ಗೆಣಸು, ಹುರಿದ ಕಡಲೆಕಾಯಿ ಕಳಿಸಿದ್ದೇನೆ. ಎರಡೂ ನಿನ್ನನ್ನು ತಲುಪಿದರೆ ದೇವರಿದ್ದಾನೆ ಎಂದುಕೋ. ಅಪೊಲೊಟ್ ತನ್ನ ಅಂಗೈ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಸಿಕೊಂಡಿದ್ದಾಳೆ, ಹಿಂದಿನ ಪುಟದಲ್ಲಿದೆ. ಕಿರುಬೆರಳು ಡೊಂಕಾದದ್ದು ನನ್ನ ತಪ್ಪಲ್ಲ, ಅವಳು ನಗುತ್ತಿದ್ದಳು. ರಸ್ತೆಯಲ್ಲಿ ಗಾಡಿಯನ್ನು ನಿಧಾನ ಓಡಿಸು. ದೇವರು ನಿನ್ನನ್ನು ಇಡಿಯಾಗಿ ಮನೆಗೆ ಕಳಿಸಲಿ.

ನೀನು ಫೋನ್ ಎತ್ತದಿದ್ದರೂ ನಿನ್ನ ಅಕ್ಕನೇ ಆದ
ಅಮೊಂಗಿನ್

ಮರೆತ ಮಾತು: ಒಜಿಲಾಂಗ್ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಲಕೋಟೆ ಅಂಟಿಸುವಾಗ ಅಮ್ಮ ಬಂದು "ಅವನಿಗೆ ಏನು ಬರೆದಿದ್ದೀಯ" ಎಂದಳು. ಮುಚ್ಚಿಡಲು ಮನಸ್ಸಾಗಲಿಲ್ಲ, ಅವಳು ನನಗೆ ಅಂದ ಮಾತೂ ಸೇರಿ ಪೂರ್ತಿ ಓದಿ ಹೇಳಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು, ಮಧ್ಯದಲ್ಲಿ ಕೂತಳು. ಮುಗಿದ ಮೇಲೆ "ನೀರು ಕೊಟ್ಟಿದ್ರೂ ಬದುಕ್ತಿತ್ತು, ಅದನ್ನ ಗಟ್ಟಿಯಾಗಿ ಬರಿ" ಎಂದಳು. ಬರೆದಿದ್ದೇನೆ ಎಂದೆ. ಎದ್ದು ಹೊರಟವಳು ಮತ್ತೆ ತಿರುಗಿ ಬಂದಳು. ಅವಳು ಹೇಳಿದ ಹಾಗೇ ಬರೆಯುತ್ತಿದ್ದೇನೆ: "ಅವಳು ನನ್ನ ತಳ್ಳಲಿಲ್ಲ ಅಂತ ಬರಿ. ನಾನು ಹಾಗಂದಿದ್ದು ಸಿಟ್ಟಿಗೆ. ಅವನ ಹೆಂಡತೀನ ತವರಿಗೆ ಕಳಿಸೋದಾದ್ರೆ ನನ್ನ ಚಾಪೇನೂ ಕಟ್ಟಲಿ, ಅವಳ ಜೊತೆ ನಾನೂ ಅವಳಪ್ಪನ ಮನೇಲೇ ಹೋಗಿ ಕೂರ್ತೀನಿ. ಆಮೇಲೆ ರಜಕ್ಕೆ ಬಂದು ಅತಾಪ್‌ನ ಅವನೇ ತಿರುವಿಕೊಳ್ಳಲಿ."